ಬೀಗದೊಳಗಿನ ದನಿ

ಆ ಕಾರ್ಖಾನೆಯಲ್ಲಿ ಗಂಡನಿಗೆ ಮಾತಾಡಿದ್ದಕ್ಕೆ ಸಂಬಳ, ಹೆಂಡತಿಗೆ ಆ ಮಾತು ಅರ್ಥವಾಗದೆ ಇದ್ದುದಕ್ಕೆ ಸಂಬಳ. ಕೇಳಿದವರೆಲ್ಲ ನಗುತ್ತಿದ್ದರು. ಇದಕ್ಕೊಂದು ಕಾರ್ಖಾನೆ ಯಾಕೆ ಬೇಕು, ನಮ್ಮ ಮನೆಯಲ್ಲಿ ದಿನಾ ಪುಕ್ಕಟೆಯಾಗಿ ನಡೆಯುತ್ತದಲ್ಲ ಎನ್ನುತ್ತಿದ್ದರು. ನಗುವವರು ನಗಲಿ, ಕೆಲಸ ಮಾತ್ರ ತಮಾಷೆಯದಾಗಿರಲಿಲ್ಲ.

ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಆ ಸಣ್ಣ ಕಾರ್ಖಾನೆ ವಾಕಿಟಾಕಿ ತಯಾರಿಸುತ್ತಿತ್ತು. ಕಾವಲುಗಾರರು, ಕ್ರೇನ್ ನಡೆಸುವವರು, ಬ್ಯಾಂಕಿನ ಹಣದ ವ್ಯಾನಿನವರು ಕೈಯಲ್ಲಿ ಹಿಡಿದು ಓಡಾಡುತ್ತಾರಲ್ಲ, ಅಂಥವು. ಮೊದಲೆಲ್ಲ ಕೊಳ್ಳಲು ಬಂದವರು ಎಷ್ಟು ದೂರ ಕೇಳಿಸುತ್ತದೆ ಎಂದು ವಿಚಾರಿಸುತ್ತಿದ್ದರು. ಗಾಳಿಯಲ್ಲಿ ಹೋಗುವ ಮಾತನ್ನು ಹಿಡಿದು ಕೇಳುವ ರಿಸೀವರುಗಳು ಆಟಿಕೆಯ ಹಾಗೆ ಸಿಗತೊಡಗಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆಯಾಯಿತು: ಬೇರೆ ಯಾರಿಗೆ ಕೇಳಿಸುತ್ತದೆ? ಮಾರಾಟ ನೋಡಿಕೊಳ್ಳುತ್ತಿದ್ದವನು ಯಜಮಾನರ ಅಳಿಯ. ಅವನು ಊರೂರು ಸುತ್ತಿ ಬಂದು, ಮಾವ, ಮಾರ್ಕೆಟ್ಟಿನಲ್ಲಿ ಈಗ ಬೀಗಕ್ಕೆ ಬೇಡಿಕೆ, ಬೀಗ ಇಲ್ಲದ ಸೆಟ್ಟನ್ನು ಯಾರೂ ಮೂಸಿ ಕೂಡ ನೋಡುವುದಿಲ್ಲ ಎಂದು ವರದಿ ಒಪ್ಪಿಸುತ್ತಿದ್ದ. ಬಾಡಿಗೆಗೆ ಸೈಕಲ್ ಕೊಡುವವನೊಬ್ಬ ಕೂಡ ಬೀಗದ ಸೆಟ್ಟೇ ಬೇಕೆಂದು ಹಟ ಹಿಡಿದಿದ್ದನಂತೆ. ಅವನಿಗೇನಪ್ಪ ಅಂಥ ಗುಟ್ಟು, ಯಾವ ಸೈಕಲ್ಲಿನ ಗಾಳಿ ಹೋಗಿದೆ ಅನ್ನುವುದಾ ಎಂದು ಯಜಮಾನರು ಕೇಳಿದರು. ಗುಟ್ಟು ಇರಲಿ ಬಿಡಲಿ, ಬೀಗ ಮಾತ್ರ ಎಲ್ಲರಿಗೂ ಬೇಕಾಗಿತ್ತು.

ಯಜಮಾನರು ತಾವೇ ಬೆಸುಗೆ ಹಾಕಿ ಹಾಕಿ ಮೇಲೆ ಬಂದವರು. ಅವರು ಮಾಡಿದ ಬೀಗ ಮಾತನ್ನು ತಲೆಕೆಳಗು ಮಾಡುತ್ತಿತ್ತು. ದನಿಯಲ್ಲಿ ಕೀರಲಾಗಿರುವುದು ಗೊಗ್ಗರಾಗುತ್ತದೆ, ಗೊಗ್ಗರಾಗಿರುವುದು ಕೀರಲಾಗುತ್ತದೆ. ಬೀಗದ ಕೈ ಇರುವ ಸೆಟ್ಟಿನಲ್ಲಿ ಅದು ಮತ್ತೆ ನೆಟ್ಟಗಾಗಿ ಮನುಷ್ಯನ ಮಾತಾಗುತ್ತದೆ. ಬೀಗದ ಕೈ ಇಲ್ಲದ ಸೆಟ್ಟಿನಲ್ಲಿ ಬಾಯಿ ತುಂಬ ನೀರು ತುಂಬಿಕೊಂಡ ಬಾತುಕೋಳಿ ಜಗಳಕ್ಕೆ ನಿಂತ ಹಾಗಿರುತ್ತದೆ. ಮೊದಲ ಸಲ ಕೇಳಿದವರು ನಗದೆ ಇದ್ದದ್ದೇ ಇಲ್ಲ.

ಬೀಗ ಗಟ್ಟಿಯೋ ಟೊಳ್ಳೋ ಎಂದು ನೋಡಬೇಕಲ್ಲ. ಅದಕ್ಕೇ ಈ ಗಂಡಹೆಂಡತಿ. ಅವಳು ಮೊದಲು ಅಲ್ಲೇ ಬೆಸುಗೆಯ ಮೇಜಿನಲ್ಲಿದ್ದವಳು. ಸಾಲಾಗಿ ಇಟ್ಟ ಸೆಟ್ಟುಗಳಲ್ಲಿ ಯಾವುದು ಗುಂಯ್ ಎನ್ನುತ್ತಿದೆ ಎಂದು ತಲೆ ಎತ್ತದೆ ಹೇಳುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲಿ ಕಿವಿಯಕ್ಕ ಆದಳು. ಅವಳ ಗಂಡ ಪ್ರೆಸ್ಸೊಂದರಲ್ಲಿ, ಪ್ರೂಫ್ ತಿದ್ದುವವರ ಎದುರು ಕೂತು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸದಲ್ಲಿದ್ದ. ಪ್ರೆಸ್ಸು ಮುಚ್ಚಿತು. ಗಂಟೆ ಬಾರಿಸಿದಂಥ ದನಿ ಇದೆ, ದಂಡ ಮಾಡುವುದು ಯಾಕೆ ಎಂದು ಯಜಮಾನರು ಅವನನ್ನೂ ಕರೆಸಿಕೊಂಡರು. ಅಕ್ಕನ ಗಂಡ ಭಾವ ತಾನೆ? ಕಾರ್ಖಾನೆಗೆಲ್ಲ ಅವನು ಭಾವನಾದ. ಓದುವುದು ಬಿಟ್ಟರೆ ತುಟಿ ಪಿಟಕ್ಕೆನ್ನದ ಮನುಷ್ಯ. ಬೇರೆಯವರ ಮಾತನ್ನು ಓದಿ ಓದಿ ಅವನ ಸ್ವಂತ ಮಾತೆಲ್ಲ ಖರ್ಚಾಗಿ ಹೋಗಿದೆ ಎಂದು ಕಿವಿಯಕ್ಕ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು, ಆದರೆ ಆ ನಗುವಿನಲ್ಲಿ ಸುಖವಿರಲಿಲ್ಲ.

ಕಾರ್ಖಾನೆಯೊಳಗಿನ ಉದ್ದನೆಯ ಓಣಿಯ ಆ ತುದಿಗೊಂದು ಈ ತುದಿಗೊಂದು ಪುಟ್ಟ ಕೋಣೆ. ಎರಡಕ್ಕೂ ಗೋಡೆಯ ತುಂಬ ಹಳೆಯ ಹಾಸಿಗೆ ಹೊಡೆದಿತ್ತು, ಹೊರಗಿನ ಸದ್ದು ಒಳಗೆ ಬರದಿರಲಿ ಎಂದು. ಆ ಕೋಣೆಯಲ್ಲಿ ಭಾವ ಗುಂಡಿ ಒತ್ತಿಹಿಡಿದು ಒಂದಷ್ಟು ವಾಕ್ಯಗಳನ್ನು ಓದಬೇಕು. ಈ ಕೋಣೆಯಲ್ಲಿ ಕಿವಿಯಕ್ಕ ಹೆಡ್‌ಫೋನ್ ಹಾಕಿಕೊಂಡು, ಬೀಗದ ಕೈ ಇಲ್ಲದ ಸೆಟ್ಟಿನಲ್ಲಿ ಕೇಳಿ, ಏನಾದರೂ ತಿಳಿದರೆ ಬರೆಯಬೇಕು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆಯಬೇಕು. ಅವನು ಗುಂಡಿ ಒತ್ತಿರುವಷ್ಟು ಹೊತ್ತು ಅವಳ ಸೆಟ್ಟಿನ ಮೇಲೆ ಒಂದು ಹಸಿರು ದೀಪ ಉರಿಯುತ್ತಿರುತ್ತದೆ. ಅದು ಆರುವ ತನಕ ಹೆಡ್‌ಫೋನ್ ತೆಗೆಯುವ ಹಾಗಿಲ್ಲ.

ಇಷ್ಟರ ಮೇಲೆ ಯಜಮಾನರದು ಇನ್ನೊಂದು ಕಟ್ಟಳೆ ಇತ್ತು. ಮನುಷ್ಯರು ಓದಿದ ಹಾಗೆ ಮಾತಾಡುವುದಿಲ್ಲ, ತಡವರಿಸುತ್ತಾರೆ, ನುಂಗುತ್ತಾರೆ, ಉಸಿರು ಬಿಡುತ್ತಾರೆ. ಆದ್ದರಿಂದ ಓದು ಮುಗಿದ ಮೇಲೆ ಭಾವ ಸ್ವಲ್ಪ ಹೊತ್ತು ಬಾಯಿಗೆ ಬಂದದ್ದು ಮಾತಾಡಬೇಕು. ಬೀಗದ ಕೈ ಇರುವ ಸೆಟ್ಟು ಯಜಮಾನರ ಮೇಜಿನ ಮೇಲಿರುತ್ತಿತ್ತು. ಓದು ಮುಗಿಯುತ್ತಲೇ ಅವರು ಅದನ್ನು ಆರಿಸಿ ಚಹಾಕ್ಕೆ ಏಳುತ್ತಿದ್ದರು. ಹಾಗಾಗಿ ಭಾವನ ಬಾಯಿಗೆ ಬಂದದ್ದು ಲೋಕದಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಬಾಯಿಗೆ ಬಂದದ್ದು ಮಾತಾಡು ಎಂದರೆ ಬಾಯಿಗೆ ಏನೂ ಬಾರದವನು ಏನು ಮಾಡಬೇಕು? ಭಾವ ಮಗ್ಗಿ ಹೇಳಿದ. ಎರಡರ ಮಗ್ಗಿ, ಮೂರರ ಮಗ್ಗಿ, ದಿನಾ ಅದೇ, ಅದೇ ಏರಿಳಿತದಲ್ಲಿ. ಅಲ್ಲೇ ಆದದ್ದು ಎಡವಟ್ಟು. ಮೊದಲು ಕಿವಿಯಕ್ಕನಿಗೆ ತಿಳಿದದ್ದು ಕುಣಿತ ಮಾತ್ರ. ಇದು ಮಗ್ಗಿಯ ಕುಣಿತ, ಬೇರೆ ಯಾವುದಕ್ಕೂ ಈ ಕುಣಿತ ಇಲ್ಲ ಎಂದುಕೊಂಡಳು. ಮಗ್ಗಿ ಅವಳಿಗೂ ಬಾಯಿಪಾಠ. ಮುಂದೆ ಬರಬೇಕಾದದ್ದು ಯಾವ ಅಂಕಿ ಎಂದು ಗೊತ್ತು, ಬಂದ ಸದ್ದು ಕಿವಿಯಲ್ಲಿದೆ. ಎರಡೂ ಅಕ್ಕಪಕ್ಕ ಕೂತವು. ಅವಳು ಕಲಿಯಲು ಹೊರಟವಳಲ್ಲ. ಬಾಯಿ ತೆರೆದ ಡಬ್ಬಿಗೆ ಮಳೆ ನೀರು ತುಂಬಿದ ಹಾಗೆ ಅವಳ ಕಿವಿ ತಾನಾಗಿಯೇ ತುಂಬುತ್ತ ಹೋಯಿತು.

ಒಂದು ಬೆಳಗ್ಗೆ ಮಗ್ಗಿಯ ನಡುವೆ ಭಾವ ನಿಲ್ಲಿಸಿದ. ಒಂದು ಉಸಿರು. ಆಮೇಲೆ ಬಾತುಕೋಳಿ ಏನೋ ಅಂದಿತು. ಅದು, ಎಡಗಡೆ ಭುಜ ನೋಯ್ತಿದೆ ಎಂಬ ಮಾತು ಎಂದು ಕಿವಿಯಕ್ಕನಿಗೆ ಗೊತ್ತಾಯಿತು. ಊಹಿಸಿದ್ದಲ್ಲ. ಕೇಳಿಸಿತು, ಪಕ್ಕದಲ್ಲಿ ಕೂತು ಹೇಳಿದಷ್ಟು ಚೊಕ್ಕವಾಗಿ. ಅವಳ ಮೈ ಜುಮ್ಮೆಂದಿತು. ಪೆನ್ಸಿಲು ಹಿಡಿದ ಕೈಯ ಕೂದಲು ನೆಟ್ಟಗೆ ನಿಂತದ್ದನ್ನು ತಾನೇ ನೋಡಿಕೊಂಡಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ತಲೆಯ ಎರಡು ಬದಿಗೆ ಅಂಟಿಕೊಂಡಿರುವ ಈ ಎರಡು ತುಂಡು ತೊಗಲು ಇಂಥ ಕೆಲಸ ಮಾಡಬಲ್ಲವೇ ಎಂಬ ಬೆರಗಿನಲ್ಲಿ ಅವಳು ದೀಪ ಆರಿದ ಮೇಲೂ ಹಾಗೇ ಕೂತಿದ್ದಳು.

ಅವತ್ತು ಹಾಳೆಯ ಮೇಲೆ ತಿಳಿಯಲಿಲ್ಲ ಎಂದೇ ಬರೆದಳು. ನಾಳೆ ಇನ್ನೊಂದು ಸಲ ಖಾತ್ರಿ ಮಾಡಿಕೊಂಡು ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಂಜೆ ಮನೆಯಲ್ಲಿ ಕೇಳದೆಯೇ ಗಂಡನ ಭುಜಕ್ಕೆ ಎಣ್ಣೆ ತಿಕ್ಕಿದಳು. ಅವನು ಆಶ್ಚರ್ಯದಿಂದ ಅವಳ ಮುಖ ನೋಡಿದ.

ಆ ನಾಳೆ ಬರಲೇ ಇಲ್ಲ, ಅಂದರೆ ಅವಳು ಬರಗೊಡಲಿಲ್ಲ. ಯಾಕೆಂದರೆ ಭಾವನಿಗೆ ಮಗ್ಗಿ ಸಾಕಾಗಿತ್ತು. ಯಾರಿಗೂ ತಿಳಿಯದ ಕಡೆ ಮಾತಾಡುವ ರುಚಿ ಹತ್ತಿತ್ತು. ಅಂಗಡಿಯಿಂದ ಬರುವಾಗ ಒಳಗೆ ನೀನು ಹಾಡು ಗುನುಗುತ್ತಿದ್ದರೆ ನಾನು ಬಾಗಿಲು ತಟ್ಟುವುದಿಲ್ಲ, ಹಾಡು ಮುಗಿಯಲಿ ಎಂದು ಹೊರಗೇ ನಿಂತಿರುತ್ತೇನೆ, ತಟ್ಟಿದರೆ ನಿಲ್ಲಿಸಿಬಿಡುತ್ತೀಯಲ್ಲ ಎಂದು ಒಂದು ದಿನ ಹೇಳಿದ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗುತ್ತೀ, ತೆಗೆದು ಇಡುವವನು ನಾನು, ಬೆಳಗ್ಗೆ ಎದ್ದು ನೀನೇ ಇಟ್ಟೆ ಅಂದುಕೊಳ್ಳುತ್ತೀ ಎಂದ ಇನ್ನೊಂದು ದಿನ. ಅಡುಗೆಗೆ ಉಪ್ಪು ಕಡಿಮೆ, ಮದುವೆಯಾದಾಗಿನಿಂದ ಕಡಿಮೆ ಎಂದೂ ಹೇಳಿದ. ಕಿವಿಯಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇಷ್ಟು ವರ್ಷ ಜೊತೆಗೆ ಬಾಳಿದವಳು ಈಗ ಗಂಡನನ್ನು ಹೊಸದಾಗಿ ನೋಡುತ್ತಿದ್ದಳು. ಬಾವಿ ಬತ್ತಿದೆ ಎಂದುಕೊಂಡಿದ್ದಳು, ನೀರು ಇಷ್ಟು ಮೇಲೇ ಇತ್ತು.

ಆಮೇಲೊಂದು ದಿನ ಓದು ಮುಗಿಯಿತು, ದೀಪ ಆರಲಿಲ್ಲ, ಬಹಳ ಹೊತ್ತು ಬರೀ ಉಸಿರು. ಭಾವ ಮಗುವಿನ ವಿಷಯ ಎತ್ತಿದ.

ಮದುವೆಯಾದ ಹೊಸದರಲ್ಲಿ ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು, ದಿನ ತುಂಬುವ ಮೊದಲೇ. ಹೆರುವಾಗ ಕಿವಿಯಕ್ಕನಿಗೆ ಪ್ರಜ್ಞೆ ತಪ್ಪಿತ್ತು. ಕಣ್ಣು ಬಿಟ್ಟಾಗ ಗಂಡ ಮಂಚದ ಪಕ್ಕ ನಿಂತಿದ್ದ, ಉಳೀಲಿಲ್ಲ ಎಂದ, ಅಷ್ಟೇ. ಹುಟ್ಟುವಾಗಲೇ ಜೀವ ಇರಲಿಲ್ಲವೆಂದು ಅವಳು ತಿಳಿದಳು. ಮತ್ತೆ ಮಕ್ಕಳಾಗಲಿಲ್ಲ. ಆ ವಿಷಯ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಯಲ್ಲಿ ಬಳಸದೆ ಮುಚ್ಚಿಟ್ಟ ಒಂದು ಕೋಣೆ ಇದ್ದ ಹಾಗೆ ಇಬ್ಬರೂ ಅದರ ಮುಂದೆ ಓಡಾಡಿಕೊಂಡಿದ್ದರು.

ಮಗು ಒಂದು ಬೆಳಗ್ಗೆಯಿಡೀ ಬದುಕಿತ್ತು ಎಂದು ಈಗ ಭಾವ ಬೀಗದೊಳಗಿನಿಂದ ಹೇಳಿದ. ನರ್ಸು ಅದನ್ನು ಟವೆಲಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟು, ಮಾತಾಡಿಸುತ್ತಿರಿ, ದನಿ ಕೇಳಿದರೆ ಅದಕ್ಕೆ ಧೈರ್ಯ ಎಂದಿದ್ದಳು. ಅವನ ನಾಲಿಗೆ ಏಳಲಿಲ್ಲ. ಜೇಬಿನಲ್ಲಿ ಪ್ರೆಸ್ಸಿನ ಒಂದು ಹಾಳೆ ಇತ್ತು, ಶಾಲೆಯ ಭೂಗೋಳದ ಪುಸ್ತಕದ್ದು. ಅದನ್ನೇ ತೆಗೆದು ಓದಿದ. ಯಾವ ನದಿ ಎಲ್ಲಿ ಹುಟ್ಟುತ್ತದೆ, ಯಾವ ಕಡಲು ಸೇರುತ್ತದೆ, ಯಾವ ಬೆಟ್ಟ ಎಷ್ಟು ಎತ್ತರ. ಮಗು ದನಿಯ ಕಡೆ ಮುಖ ತಿರುಗಿಸಿತು. ಕಣ್ಣು ಬಿಟ್ಟು ನೋಡಿತು. ಹಾಳೆ ಮುಗಿದರೆ ಮತ್ತೆ ಮೊದಲಿಂದ ಓದಿದ. ಅದು ಕಣ್ಣು ಮುಚ್ಚಿದ ಮೇಲೂ ಓದುತ್ತಲೇ ಇದ್ದನಂತೆ, ನರ್ಸು ಬಂದು ಹೆಗಲ ಮೇಲೆ ಕೈ ಇಡುವ ತನಕ.

"ಹುಟ್ಟಿದ ಮಗಳಿಗೆ ಹೇಳಕ್ಕೆ ನನ್ನ ಹತ್ರ ಒಂದು ಸ್ವಂತ ಮಾತು ಇರಲಿಲ್ಲ. ಇದನ್ನ ನಿಂಗೆ ಯಾವ ಮುಖ ಹೊತ್ಕೊಂಡು ಹೇಳಲಿ? ಒಂದೇ ಒಂದು ಮಾತು ನಂದಾಗಿತ್ತು. ಅವಳಿಗೆ ಒಂದು ಹೆಸರಿಟ್ಟೆ. ಹೆಸರಿಟ್ಟು ಕರೆದೆ."

ಆ ಹೆಸರು ಬರುತ್ತದೆಂದು ಕಿವಿಯಕ್ಕ ಉಸಿರು ಬಿಗಿಹಿಡಿದಳು. ದೀಪ ಆರಿಹೋಯಿತು.

ಅವಳ ಕಣ್ಣೀರು ಹಾಳೆಯ ಮೇಲೆ ಬಿದ್ದು ಪೆನ್ಸಿಲಿನ ಬರಹ ಕದಡಿತು. ದುಃಖ ಮಾತ್ರ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತನ್ನ ಮಗಳು ಈ ಲೋಕವನ್ನು ಕಣ್ಣು ಬಿಟ್ಟು ನೋಡಿದ್ದಳು, ನದಿಗಳ ಕತೆ ಕೇಳಿದ್ದಳು, ಅವಳಿಗೊಂದು ಹೆಸರಿತ್ತು, ಮತ್ತು ಅದೆಲ್ಲ ಇಷ್ಟು ವರ್ಷ ತನ್ನ ಪಕ್ಕದಲ್ಲೇ ಊಟ ಮಾಡಿ ಮಲಗುತ್ತಿದ್ದ ಮನುಷ್ಯನ ಎದೆಯಲ್ಲಿ ಹಾಗೇ ಇತ್ತು. ಇದನ್ನು ಯಾವ ಹೆಸರಿನಿಂದ ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ.

ಮರುದಿನವೂ ಭಾವ ಅದೇ ಬೆಳಗ್ಗೆಯ ಮಾತಾಡಿದ. ಹೊಸ ಹೊಸ ವಿವರ ಬಂತು. ಟವೆಲಿನ ಅಂಚು ಹಳದಿ. ಹುಬ್ಬು ಥೇಟ್ ಕಿವಿಯಕ್ಕನದೇ. ಹೆಸರಿನ ಹತ್ತಿರ ಬಂದು ಮತ್ತೆ ನಿಂತ. ಹೀಗೆ ಎಷ್ಟೋ ಸಲ ಆಯಿತು. ಇವತ್ತು ಹೇಳಿಯಾನು, ನಾಳೆ ಹೇಳಿಯಾನು ಎಂದು ಅವಳು ಕಾಯುತ್ತಲೇ ಇದ್ದಳು, ತಿಳಿಯಲಿಲ್ಲ ಎಂದು ಬರೆಯುತ್ತಲೇ ಇದ್ದಳು. ನಿಜ ಹೇಳಿದರೆ ಬೀಗದ ಕತೆ ಮುಗಿಯಿತು, ಗಂಡನಿಗೆ ಗೊತ್ತಾಯಿತು, ಅವನ ಬಾಯಿ ಈ ಜನ್ಮದಲ್ಲಿ ತೆರೆಯುವುದಿಲ್ಲ. ಮಗಳ ಹೆಸರು ಅವನ ಜೊತೆಗೇ ಮಣ್ಣಾಗುತ್ತದೆ. ಅಷ್ಟಕ್ಕೂ ಲೋಕದಲ್ಲಿ ಇನ್ಯಾರು ದಿನಬೆಳಗಾದರೆ ಬೀಗದ ಮಗ್ಗಿ ಕೇಳುತ್ತ ಕೂರುತ್ತಾರೆ, ತನಗೊಬ್ಬಳಿಗೆ ತಿಳಿದರೆ ಯಾರ ಗಂಟು ಹೋಗುತ್ತದೆ ಎಂದು ಮನಸ್ಸಿಗೆ ಬಣ್ಣ ಹಚ್ಚಿದಳು.

ಅಷ್ಟರಲ್ಲಿ ಅಳಿಯ ದೊಡ್ಡ ಗಿರಾಕಿಯನ್ನು ಹಿಡಿದು ತಂದ. ಊರಿನ ದೊಡ್ಡಾಸ್ಪತ್ರೆಯ ಆಂಬುಲೆನ್ಸುಗಳಿಗೆಲ್ಲ ಬೀಗದ ಸೆಟ್ಟು ಬೇಕಂತೆ. ಆಸ್ಪತ್ರೆಯೇ ಕೊಂಡಿತು ಎಂದರೆ ಉಳಿದವರು ತಾವಾಗಿ ಬಂದು ಸಾಲು ನಿಲ್ಲುತ್ತಾರೆ ಎಂದು ಅವನು ಕುಣಿದಾಡುತ್ತಿದ್ದ. ಆಂಬುಲೆನ್ಸುಗಳ ಉಸ್ತುವಾರಿ ನೋಡುವ ದೊಡ್ಡ ಸಿಸ್ಟರ್ ತಾವೇ ಪರೀಕ್ಷೆ ನೋಡಲು ಬಂದರು. ದಪ್ಪನೆಯ, ಮೆತ್ತಗೆ ಮಾತಾಡುವ, ಕೂತಲ್ಲಿ ಕೂರದ ಹೆಂಗಸು. ಯಜಮಾನರು ಅವರನ್ನು ಕಿವಿಯಕ್ಕನ ಕೋಣೆಗೇ ಕರೆತಂದರು. ಹಿಂದೆ ಅಳಿಯ, ಬೀಗದ ಕೈ ಇರುವ ಸೆಟ್ಟನ್ನು ಎದೆಗವಚಿಕೊಂಡು. ಓಣಿಯಾಚೆ ಭಾವ ಓದಲು ಸಿದ್ಧನಾಗಿ ಕೂತಿದ್ದ.

ಬೀಗ ಯಾಕೆ ಬೇಕಾಯಿತೆಂದು ದೊಡ್ಡ ಸಿಸ್ಟರ್ ಮಾತಿಗೆ ಮಾತು ಬಂದು ಹೇಳಿದರು. ಒಬ್ಬ ಹೆಂಗಸಿನ ಮಗ ರಸ್ತೆಯಲ್ಲಿ ಬಿದ್ದು ಆಂಬುಲೆನ್ಸಿನಲ್ಲೇ ಹೋಗಿಬಿಟ್ಟಿದ್ದ. ಅಂಥ ಸುದ್ದಿಯನ್ನು ದೊಡ್ಡ ಸಿಸ್ಟರ್ ಫೋನಿನಲ್ಲಿ ಹೇಳುವವರಲ್ಲ, ಮನೆಗೇ ಹೋಗಿ, ಕೂತು, ಕೈ ಹಿಡಿದು ಹೇಳುವವರು. ಆದರೆ ಆ ಬೀದಿಯ ಅಂಗಡಿಯವನು ಹೊತ್ತು ಹೋಗಲೆಂದು ರಿಸೀವರ್ ಇಟ್ಟುಕೊಂಡಿದ್ದ. ಸೋಪು ಕೊಳ್ಳಲು ಬಂದ ತಾಯಿಗೆ, ಚಿಲ್ಲರೆ ಕೊಡುತ್ತ, ಆಂಬುಲೆನ್ಸಿನಲ್ಲಿ ತೀರಿಕೊಂಡದ್ದು ನಿಮ್ಮ ಹುಡುಗನಂತೆ ಎಂದುಬಿಟ್ಟ.

"ನಾನು ಹೋಗೋ ಹೊತ್ತಿಗೆ ಆಯಮ್ಮ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ರು, ಸೋಪು ಕೈಯಲ್ಲೇ ಇತ್ತು. ಆ ಮಾತು ನಾನು ಅವರಿಗೆ ಅಂತ ಎತ್ಕೊಂಡು ಹೋಗಿದ್ದೆ ಕಣಮ್ಮ. ದಾರೀಲಿ ಯಾರೋ ಕಿತ್ಕೊಂಡ್ರು," ಎಂದರು ಸಿಸ್ಟರ್. ಆಮೇಲೆ ಕಿವಿಯಕ್ಕನ ಕಡೆ ಬಾಗಿ ಕೇಳಿದರು: "ನಿಮಗೆ ಒಂದು ಮಾತೂ ತಿಳಿಯೋದಿಲ್ಲ, ಅಲ್ವಾ?"

ಆ ಅಂಗಡಿಯವನನ್ನು ಮನಸ್ಸಿನಲ್ಲೇ ಶಪಿಸುತ್ತ ಕೂತಿದ್ದ ಕಿವಿಯಕ್ಕ ಈಗ ಅವನ ಜಾಗದಲ್ಲಿ ತನ್ನನ್ನೇ ಕಂಡಳು. ಗಂಡನ ಮಾತು ಗಂಡನಾಗಿ ಕೊಟ್ಟದ್ದಲ್ಲ, ಇವಳು ದಾರಿಯಲ್ಲಿ ಕಿತ್ತುಕೊಂಡದ್ದು. ಯಜಮಾನರು ಅವಳ ಪರವಾಗಿ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಅಳಿಯ ಸಹಿಗೆಂದು ಜೇಬಿನಿಂದ ಪೆನ್ನು ಹೊರಗೆ ತೆಗೆದೂ ಆಗಿತ್ತು. ಸುಮ್ಮನೆ ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಹೆಸರು ಇವತ್ತೋ ನಾಳೆಯೋ ಬಂದೇ ಬರುತ್ತಿತ್ತು. ಅವಳು ಹೆಡ್‌ಫೋನ್ ಎತ್ತಿ ಕಿವಿಗಿಟ್ಟಳು.

"ಅವರಿಗೆ ಓದಕ್ಕೆ ಹೇಳಿ," ಎಂದಳು.

ದೀಪ ಹತ್ತಿತು. ಬಾತುಕೋಳಿಯ ದನಿ ಶುರುವಾಯಿತು. ಒಂದು ಉಸಿರಿನಷ್ಟು ಹಿಂದೆ ಕಿವಿಯಕ್ಕ ಗಟ್ಟಿಯಾಗಿ ಹೇಳುತ್ತ ಹೋದಳು. ಕೆಂಪು ಲಾರಿ ಸೇತುವೆಯ ಆಚೆ ನಿಂತಿದೆ. ಮೂರನೆಯ ಬಾಗಿಲಿಗೆ ಬಣ್ಣ ಬಳಿಯಬೇಕು. ಅಡುಗೆಯವನು ಇನ್ನೂ ಬಂದಿಲ್ಲ. ಅಳಿಯ ತನ್ನ ಕಿವಿಗೆ ಒತ್ತಿ ಹಿಡಿದ ಸೆಟ್ಟಿನಲ್ಲಿ, ಅವನಿಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ, ಭಾವನ ನೆಟ್ಟಗಿನ ದನಿ ಅದೇ ಮಾತುಗಳನ್ನು ಹೇಳುತ್ತಿತ್ತು. ಒಂದು ಅಕ್ಷರ ಆಚೆ ಈಚೆ ಆಗಲಿಲ್ಲ.

ವಾಕ್ಯಗಳೆಲ್ಲ ಅವಳಿಗೆ ಬಾಯಿಪಾಠ ಆಗಿರಬೇಕು ಎಂದು ಮೊದಲು ಚೇತರಿಸಿಕೊಂಡವನು ಅಳಿಯನೇ. ದೊಡ್ಡ ಸಿಸ್ಟರ್ ಎದ್ದು ಓಣಿ ದಾಟಿ ಭಾವನ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ದೀಪ ಹತ್ತಿತು. ಕಿವಿಯಕ್ಕ ಕಣ್ಣು ಮುಚ್ಚಿ ಕೇಳಿ ಹೇಳಿದಳು: ನಾನು ಇವತ್ತು ಗಡಿಬಿಡಿಯಲ್ಲಿ ಎರಡು ಕಾಲಿಗೆ ಎರಡು ಥರದ ಕಾಲುಚೀಲ ಹಾಕಿಕೊಂಡು ಬಂದಿದ್ದೇನೆ. ಭಾವನಿಗೆ ಆ ಮಾತು ಹೇಳಿಕೊಟ್ಟು ಓಡಿ ಬಂದ ಸಿಸ್ಟರ್ ಬಾಗಿಲಲ್ಲಿ ನಿಂತು ಅದನ್ನು ಅವಳ ಬಾಯಲ್ಲಿ ಕೇಳಿದರು. ಲಂಗದ ಅಂಚು ತುಸು ಎತ್ತಿ ತೋರಿಸಿದರು. ಒಂದು ಬಿಳಿ, ಒಂದು ಬೂದು. ಯಾರೂ ನಗಲಿಲ್ಲ. ಯಜಮಾನರು ಕುರ್ಚಿ ಎಳೆದುಕೊಂಡು ಕೂತು, ದೇವರೇ, ನಾನು ಎಷ್ಟು ವರ್ಷ ಬೀಗ ಮಾಡಿದೆ, ಇಂಥ ಬೀಗದ ಕೈಯೊಂದು ನನ್ನ ಕಾರ್ಖಾನೆಯಲ್ಲೇ ಕೂತಿತ್ತಲ್ಲ ಎಂದರು. ಅವರ ದನಿಯಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ.

ಸಿಸ್ಟರ್ ಹಿಂದೆ ಭಾವ ಬಂದು ನಿಂತಿದ್ದ. ಅವನ ಮುಖ ಸುಣ್ಣದ ಹಾಗಾಗಿತ್ತು.

"ಯಾವಾಗಿಂದ?" ಎಂದು ಕೇಳಿದ.

"ನಿಮ್ಮ ಭುಜ ನೋಯ್ತಿತ್ತಲ್ಲ, ಆಗಿಂದ," ಎಂದಳು ಕಿವಿಯಕ್ಕ.

ಅವನು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ಕಾಣಿಸಿತು. ಭುಜದಿಂದ ಈಚೆಗೆ ಏನೇನು ಹೇಳಿದ್ದ, ಒಂದೊಂದನ್ನೂ ಅವನ ಕಣ್ಣು ಹಿಂದಕ್ಕೆ ಹೋಗಿ ಮುಟ್ಟಿ ಬಂತು. ಹಳದಿ ಅಂಚಿನ ಟವೆಲಿನ ತನಕ ಬಂತು. ಆಮೇಲೆ ತಿರುಗಿ ನಡೆದುಬಿಟ್ಟ.

ಯಜಮಾನರು ಆ ಸೆಟ್ಟು ಮಾರುವುದಿಲ್ಲವೆಂದರು. ಮಾರ್ಕೆಟ್ಟು ಕಾಯುವುದಿಲ್ಲ ಮಾವ, ಇಂಥ ಕಿವಿ ಊರಿಗೊಂದೂ ಇರುವುದಿಲ್ಲ ಎಂದು ಅಳಿಯ ತಲೆ ಚಚ್ಚಿಕೊಂಡ. ಮಾರ್ಕೆಟ್ಟು ಬೀಗ ಕೇಳುತ್ತಿದೆಯಪ್ಪ, ಬೀಗದ ಚಿತ್ರ ಕೇಳುತ್ತಿಲ್ಲ ಎಂದು ಯಜಮಾನರು ಅವನ ಬಾಯಿ ಮುಚ್ಚಿಸಿದರು. ಗಟ್ಟಿ ಬೀಗ ಮಾಡಿ, ನಾನು ಕಾಯುತ್ತೇನೆ, ಆದರೆ ಅದನ್ನು ಕೇಳಿ ನೋಡುವವರು ಈಯಮ್ಮನೇ ಆಗಿರಬೇಕು ಎಂದು ದೊಡ್ಡ ಸಿಸ್ಟರ್ ಹೇಳಿಹೋದರು.

ಮನೆಯಲ್ಲಿ ಮೌನ. ಮೊದಲೂ ಮೌನವೇ ಇತ್ತಲ್ಲ ಎನ್ನಬಹುದು. ಕಿವಿಯಕ್ಕನ ಕಿವಿಗೆ ಒಂದು ಮೌನಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು. ಮೊದಲಿನದು ಮಾತು ಇಲ್ಲದ ಮೌನ, ಇದು ಮಾತನ್ನು ಹಲ್ಲು ಕಚ್ಚಿ ಹಿಡಿದ ಮೌನ. ತಪ್ಪಾಯಿತು ಎಂದು ಅವಳೊಮ್ಮೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಡುಗೆಗೆ ಉಪ್ಪು ಜಾಸ್ತಿ ಹಾಕತೊಡಗಿದಳು. ಅದನ್ನೂ ಅವನು ಉಂಡು ಎದ್ದುಹೋಗುತ್ತಿದ್ದ. ಹಾಡು ಗುನುಗಲು ಹೋದರೆ ಬಾಗಿಲ ಹೊರಗೆ ಅವನು ನಿಂತಿರಬಹುದೇ ಎಂದು ಅರ್ಧಕ್ಕೇ ಬಿಟ್ಟುಬಿಡುತ್ತಿದ್ದಳು. ಸರಿಯಾದ ಕೆಲಸ ಮಾಡಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು, ಮಗಳ ಹೆಸರನ್ನು ಕಳೆದುಕೊಂಡಿದ್ದೇನೆ ಎಂಬುದೂ ಗೊತ್ತಿತ್ತು.

ಯಜಮಾನರು ಹಗಲಿರುಳು ಕೂತರು, ತಿಳಿದವರನ್ನು ಕರೆಸಿದರು, ಕೊನೆಗೆ ಹೊಸ ಬೀಗ ಬಂತು. ಇದು ಮಾತನ್ನು ತಲೆಕೆಳಗು ಮಾಡುವುದಿಲ್ಲ. ಮಾತನ್ನು ಲೆಕ್ಕವಿಲ್ಲದಷ್ಟು ಚೂರು ಮಾಡುತ್ತದೆ, ಪ್ರತಿ ಚೂರನ್ನೂ ಅಂಕಿಯಾಗಿಸುತ್ತದೆ, ಆ ಅಂಕಿಗೆ ಕ್ಷಣಕ್ಷಣಕ್ಕೂ ಬದಲಾಗುವ ಬೇರೆ ಅಂಕಿ ಬೆರೆಸುತ್ತದೆ. ಮತ್ತೆ ಓಣಿಯ ಆ ತುದಿಗೆ ಭಾವ, ಈ ತುದಿಗೆ ಕಿವಿಯಕ್ಕ.

ಮೊದಲ ದಿನ ದೀಪ ಹತ್ತಿದಾಗ ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಸುಯ್ ಎಂಬ ಒಂದೇ ಸದ್ದು. ಏರಿಲ್ಲ, ಇಳಿವಿಲ್ಲ, ಕುಣಿತವಿಲ್ಲ. ಎಲ್ಲಿ ಉಸಿರು, ಎಲ್ಲಿ ಅಕ್ಷರ, ಎಲ್ಲಿ ಸುಮ್ಮನಿರುವುದು, ಏನೂ ಇಲ್ಲ. ಮಾತೂ ಮೌನವೂ ಅಲ್ಲಿ ಒಂದೇ ಆಗಿದ್ದವು. ದಿನಗಟ್ಟಲೆ ಕೇಳಿದಳು, ತಿಂಗಳಾದರೂ ಕೇಳಿದಳು. ಭಾವ ಮಗ್ಗಿ ಹೇಳುತ್ತಿದ್ದಾನೆಯೇ ಎಂದು ಕೂಡ ತಿಳಿಯಲಿಲ್ಲ. ಗಂಡನ ದನಿಯಿಡೀ, ಅದರ ಗಂಟೆಯಂಥ ಸೊಗಸೆಲ್ಲ ಅದರೊಳಗಿದೆ, ಅತ್ತ ಬೀಗದ ಕೈ ಇರುವ ಸೆಟ್ಟಿನಲ್ಲಿ ಒಂದು ಚೂರೂ ಕಳೆಯದೆ ಎದ್ದು ಬರುತ್ತದೆ, ಇತ್ತ ತನ್ನ ಕಿವಿಗೆ ಒಂದು ಎಳೆಯೂ ಸಿಗುವುದಿಲ್ಲ. ಮನುಷ್ಯರೇ ಮಾಡಿದ ವಸ್ತುವಿನ ಎದುರು ಅವಳಿಗೆ ಕಡಲಿನ ಎದುರು ನಿಂತಷ್ಟು ಬೆರಗಾಯಿತು. ತನ್ನ ಕಿವಿಗಿಂತ ದೊಡ್ಡದೊಂದಿದೆ ಎಂಬುದರಲ್ಲಿ ಏನೋ ನೆಮ್ಮದಿಯೂ ಇತ್ತು. ಇನ್ನು ಯಾವ ಅಂಗಡಿಯವನೂ ಯಾವ ತಾಯಿಯ ಮಾತನ್ನೂ ದಾರಿಯಲ್ಲಿ ಕಿತ್ತುಕೊಳ್ಳಲಾರ. ತಿಳಿಯಲಿಲ್ಲ ಎಂದು ಬರೆದಳು, ಈಗ ಅದು ನಿಜವಾಗಿತ್ತು.

ದೊಡ್ಡ ಸಿಸ್ಟರ್ ಸೆಟ್ಟು ಒಯ್ಯಲು ಬರುವ ದಿನ ಕೊನೆಯದೊಂದು ಪರೀಕ್ಷೆ. ಓದು ಮುಗಿಯಿತೆಂದು ಕಾಣುತ್ತದೆ, ಯಜಮಾನರು ತಮ್ಮ ಸೆಟ್ಟು ಆರಿಸಿ ಎದ್ದು ಹೋದರು. ಇತ್ತೀಚೆಗೆ ಅದಾದ ಸ್ವಲ್ಪ ಹೊತ್ತಿಗೇ ದೀಪ ಆರಿಬಿಡುತ್ತಿತ್ತು. ಇವತ್ತು ಆರಲಿಲ್ಲ. ಕಿವಿಯಕ್ಕ ಕಾದಳು. ಹಸಿರು ದೀಪ ಉರಿಯುತ್ತಲೇ ಇತ್ತು, ಕಿವಿಯಲ್ಲಿ ಅದೇ ಸುಯ್ ಎಂಬ ಸದ್ದು. ಯಜಮಾನರು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಳೆಯಿತು, ದೀಪ ಆರಲಿಲ್ಲ. ಅವನು ಮಾತಾಡುತ್ತಿದ್ದಾನೆ. ಯಾರಿಗೂ, ಅವಳಿಗೂ ತಿಳಿಯುವುದಿಲ್ಲವೆಂಬ ಖಾತ್ರಿಯಾದ ಮೇಲೆ ಮತ್ತೆ ಮಾತಾಡುತ್ತಿದ್ದಾನೆ.

ದೀಪ ಆರುವ ಮೊದಲೇ ಅವಳು ಹೆಡ್‌ಫೋನ್ ತೆಗೆದಳು. ಅಷ್ಟು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಓಣಿ ದಾಟಿ ಹೋಗಿ ಬಾಗಿಲ ಮುಂದೆ ನಿಂತಳು. ಹಾಸಿಗೆ ಹೊಡೆದ ಬಾಗಿಲು, ಒಳಗಿನದೇನೂ ಕೇಳಿಸದು. ಕದ್ದು ಕೇಳುವುದು ಸಾಕು ಎಂದುಕೊಂಡು ಬಾಗಿಲು ತಟ್ಟಿ, ತಾನು ಇದ್ದೇನೆಂದು ತಿಳಿಯುವ ಹಾಗೆ ಅಗಲವಾಗಿ ತೆರೆದಳು.

ಭಾವ ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದು, ಗುಂಡಿ ಒತ್ತಿಕೊಂಡು ಹೇಳುತ್ತಿದ್ದ. ಬೆಟ್ಟದ ತುದಿಯಲ್ಲಿ ಹುಟ್ಟುವ ನದಿಯೊಂದರ ಮಾತು. ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವನು ನಿಲ್ಲಿಸಿಬಿಡುತ್ತಾನೆ ಎಂದುಕೊಂಡಳು.

ಅವನು ನಿಲ್ಲಿಸಲಿಲ್ಲ. ದನಿ ನಡುಗಿತು, ತಡವರಿಸಿತು, ಆದರೂ ಮುಂದೆ ಹೋಯಿತು. ನದಿ ಕಡಲು ಸೇರಿತು. ಹಾಳೆ ಮುಗಿಯಿತು. ಮಗು ಕಣ್ಣು ಬಿಟ್ಟಿತು. ಇಷ್ಟನ್ನೂ ಅವಳ ಮುಖ ನೋಡುತ್ತಲೇ ಹೇಳಿದ. ಹೆಸರಿನ ಹತ್ತಿರ ಬಂದಾಗ ಗುಂಡಿಯ ಮೇಲಿನ ಬೆರಳು ಎತ್ತಿದ, ಸೆಟ್ಟನ್ನು ಮೇಜಿನ ಮೇಲಿಟ್ಟ, ಎದ್ದು ಬಂದು ಅವಳ ಎದುರು ನಿಂತ. ಬೀಗವಿಲ್ಲ, ಬೀಗದ ಕೈಯಿಲ್ಲ, ಬರೀ ಬಾಯಿಂದ, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ಅವನು ಮಗಳ ಹೆಸರು ಹೇಳಿದ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದು. ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದು ಬಲ್ಲವಳು ಕಿವಿಯಕ್ಕ. ಒಂದು ಉಸಿರಿನಷ್ಟು ಹಿಂದೆ ಅವಳೂ ಆ ಹೆಸರನ್ನು ಹೇಳಿದಳು.

"ಸರಿಯಾಗಿ ಕೇಳಿಸಿದೆ," ಎಂದ ಅವನು.